ಹೆಣ್ಣಿಲ್ಲದ ಬಲೆ

ನವೆಂಬರ್ ತಿಂಗಳು. ತೆಲಂಗಾಣದ ಧಾರೂರಿನ ಹತ್ತಿರ ನನ್ನ ಸೋದರಮಾವನ ಮಗನ ತೊಗರಿ ಹೊಲ. ಹೂ ಉದುರಿ ಕಾಯಿ ಕಚ್ಚುವ ಹೊತ್ತು. ಗಿಡಗಳ ನಡುವೆ ಅಲ್ಲಲ್ಲಿ ಕೋಲು ನೆಟ್ಟು, ಒಂದೊಂದಕ್ಕೂ ಪ್ಲಾಸ್ಟಿಕ್ ಬಟ್ಟಲು ಕಟ್ಟಿದ್ದ. ಬಟ್ಟಲಿನ ಬುಡಕ್ಕೆ ಮೊಳದುದ್ದದ ಪಾಲಿಥಿನ್ ಚೀಲ. ಚೀಲದೊಳಗೆ ಮಾಸಲು ಕಂದು ಬಣ್ಣದ ಪತಂಗಗಳು. ಕೆಲವು ಸತ್ತು ಒಣಗಿದ್ದವು, ಕೆಲವು ಇನ್ನೂ ರೆಕ್ಕೆ ಬಡಿಯುತ್ತಿದ್ದವು.

“ಎಲ್ಲಾ ಗಂಡೇ ಅವ ಅಣ್ಣಾ,” ಅಂದ. “ಒಂದೂ ಹೆಣ್ಣಿಲ್ಲ ನೋಡು. ಬರೇ ವಾಸನಿಗಿ ಬಂದು ಬೀಳ್ತಾವ.”

ಕೃಷಿ ಇಲಾಖೆಯವರು ಇದಕ್ಕೆ ಮೋಹಕ ಬಲೆ ಎನ್ನುತ್ತಾರೆ. ತೊಗರಿಯ ಕಾಯಿಕೊರಕ ಹುಳದ ತಾಯಿ ಪತಂಗ ರಾತ್ರಿ ಹೊತ್ತು ಹೊಟ್ಟೆಯ ತುದಿಯ ಗ್ರಂಥಿಯಿಂದ ಒಂದು ಗಂಧ ಬಿಡುತ್ತದೆ. ಅದರಲ್ಲಿ ಮುಖ್ಯವಾಗಿ ಎರಡು ರಾಸಾಯನಿಕಗಳು, ಹೆಚ್ಚುಕಡಿಮೆ 97ಕ್ಕೆ 3ರ ಪ್ರಮಾಣದಲ್ಲಿ. ಕತ್ತಲಲ್ಲಿ ಗಂಡು ಪತಂಗ ತನ್ನ ಮೀಸೆಯಲ್ಲಿ ಈ ಗಂಧ ಹಿಡಿದು, ಗಾಳಿಗೆ ಎದುರಾಗಿ ಹಾರಿ, ಹೆಣ್ಣಿದ್ದಲ್ಲಿಗೆ ತಲುಪುತ್ತದೆ. ಬಲೆಯಲ್ಲಿ ತೂಗಿಬಿಟ್ಟ ರಬ್ಬರ್ ಬಿರಡೆಗೆ ಅದೇ ಎರಡು ರಾಸಾಯನಿಕಗಳನ್ನು ಅದೇ ಪ್ರಮಾಣದಲ್ಲಿ ಹೀರಿಸಿರುತ್ತಾರೆ. ಕೆಲವೇ ಮಿಲಿಗ್ರಾಂ. ಆದರೆ ಒಂದು ಹೆಣ್ಣಿನ ಒಡಲಲ್ಲಿ ಇರುವುದಕ್ಕಿಂತ ಅದು ಸಾವಿರಾರು ಪಟ್ಟು ಹೆಚ್ಚು. ಪತಂಗ ದಡ್ಡ ಎಂದು ಇದರ ಅರ್ಥವಲ್ಲ. ಲಕ್ಷಾಂತರ ವರ್ಷ ‘ಗಂಧ ಇದ್ದಲ್ಲಿ ಹೆಣ್ಣಿದೆ’ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ರಬ್ಬರ್ ಬಿರಡೆ ಬಂದದ್ದು ನಿನ್ನೆ ಮೊನ್ನೆ.

ಅಶ್ಲೀಲ ವಿಡಿಯೋಗಳ ಕುರಿತ ಈ ಅಧ್ಯಾಯವನ್ನು ನಾನು ಮಿದುಳಿನಿಂದಲೇ ಶುರು ಮಾಡಬೇಕೆಂದಿದ್ದೆ. ಆ ಚೀಲ ನೋಡಿದ ಮೇಲೆ ಹೊಲದಿಂದಲೇ ಶುರು ಮಾಡುವುದು ಸರಿ ಅನ್ನಿಸಿತು.

ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ 1973ರಲ್ಲಿ ನೊಬೆಲ್ ಪಡೆದ ನಿಕೊ ಟಿನ್‌ಬರ್ಗನ್ ಕಡಲಹಕ್ಕಿಯ ಮರಿಗಳ ಮುಂದೆ ಒಂದು ಆಟ ಹೂಡಿದ್ದರು. ತಾಯಿಯ ಹಳದಿ ಕೊಕ್ಕಿನ ಮೇಲೆ ಒಂದು ಕೆಂಪು ಚುಕ್ಕೆ ಇರುತ್ತದೆ. ಮರಿ ಅದನ್ನು ಕುಕ್ಕಿದರೆ ತಾಯಿ ಆಹಾರ ಕಕ್ಕುತ್ತದೆ. ಟಿನ್‌ಬರ್ಗನ್ ತಾಯಿಯ ತಲೆ, ಕಣ್ಣು, ಕೊಕ್ಕು ಎಲ್ಲ ತೆಗೆದು, ಮೂರು ಬಿಳಿ ಪಟ್ಟೆ ಬಳಿದ ಕೆಂಪು ಕಡ್ಡಿಯೊಂದನ್ನು ಹಿಡಿದರು. ಮರಿಗಳು ತಾಯಿಯ ಕೊಕ್ಕಿಗಿಂತ ಹೆಚ್ಚಾಗಿ ಆ ಕಡ್ಡಿಯನ್ನೇ ಕುಕ್ಕಿದವು. ನಿಜಕ್ಕಿಂತ ನಕಲೇ ಜೋರಾಗಿ ಸೆಳೆಯುವ ಇಂಥವನ್ನು ವಿಜ್ಞಾನಿಗಳು ಅತಿ-ಪ್ರಚೋದಕ ಎಂದು ಕರೆದರು.

ಆಸ್ಟ್ರೇಲಿಯಾದ ಕತೆ ಇನ್ನೂ ಸೊಗಸು. ಅಲ್ಲಿನ ಒಂದು ಜಾತಿಯ ಹೊಳೆಹೊಳೆಯುವ ದೊಡ್ಡ ಜೀರುಂಡೆಯ ಗಂಡುಗಳು ರಸ್ತೆ ಬದಿ ಬಿದ್ದ ಕಂದು ಬಿಯರ್ ಬಾಟಲಿಗಳನ್ನು ಏರಿ ಕೂಡಲು ಹೆಣಗುವುದನ್ನು ಡ್ಯಾರಿಲ್ ಗ್ವಿನ್ ಮತ್ತು ಡೇವಿಡ್ ರೆಂಟ್ಸ್ 1983ರಲ್ಲಿ ವರದಿ ಮಾಡಿದರು. ಬಾಟಲಿಯ ಬಣ್ಣವೂ ಬುಡದ ಸಣ್ಣ ಸಣ್ಣ ಉಬ್ಬುಗಳೂ ಹೆಣ್ಣಿನ ಬೆನ್ನಿನ ಹಾಗೆಯೇ ಮಿನುಗುತ್ತಿದ್ದವು, ಅದೂ ಹೆಣ್ಣಿಗಿಂತ ದೊಡ್ಡದಾಗಿ. ಇರುವೆ ಬಂದು ಕಡಿದರೂ ಗಂಡು ಬಾಟಲಿ ಬಿಡಲಿಲ್ಲ. 2011ರಲ್ಲಿ ಇವರಿಗೆ ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು. ನಗು ಬರುವುದು ಜೀರುಂಡೆಯನ್ನು ನೋಡಿ. ಕೈಯಲ್ಲಿರುವ ಫೋನು ನೆನಪಾದರೆ ಆ ನಗು ಅರ್ಧಕ್ಕೇ ನಿಲ್ಲುತ್ತದೆ.

ಮನುಷ್ಯನ ವಿಷಯದಲ್ಲಿ ಬಲೆ ಕೆಲಸ ಮಾಡುವುದು ಗಂಧದಿಂದಲ್ಲ, ನಿರೀಕ್ಷೆಯಿಂದ. ವುಲ್ಫ್‌ರಾಮ್ ಶುಲ್ಟ್ಸ್ ಮಂಗಗಳ ಬಾಯಿಗೆ ಹಣ್ಣಿನ ರಸದ ಹನಿ ಬಿಡುತ್ತ, ಮಿದುಳಿನ ಬುಡದ ಡೋಪಮೈನ್ ಕೋಶಗಳ ಮಿಡಿತ ಅಳೆದರು. ಮೊದಲ ದಿನಗಳಲ್ಲಿ ರಸ ಬಿದ್ದಾಗ ಕೋಶಗಳು ಮಿಡಿದವು. ರಸಕ್ಕೆ ಮುಂಚೆ ದೀಪ ಹೊತ್ತಿಸುವುದು ರೂಢಿಯಾದ ಮೇಲೆ ದೀಪ ಕಂಡಾಗಲೇ ಮಿಡಿದವು, ರಸ ಬಂದಾಗ ಸುಮ್ಮನಿದ್ದವು. ದೀಪ ಹೊತ್ತಿ ರಸ ಬಾರದೆ ಹೋದರೆ ಮಿಡಿತ ಕುಸಿಯಿತು. ಅಂದರೆ ಡೋಪಮೈನ್ ಸುಖದ ರಸಾಯನವೆಂದು ಜನ ಹೇಳುವುದು ಅರ್ಧ ಸತ್ಯ. ಅದು ಹೆಚ್ಚಾಗಿ ‘ಸಿಗಬಹುದು’ ಎಂಬುದರ ರಸಾಯನ. ಅಮೆರಿಕದ ಕೆಂಟ್ ಬೆರಿಡ್ಜ್ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿದರು: ಮಿದುಳಿನಲ್ಲಿ ‘ಬೇಕು’ ಅನ್ನುವ ದಾರಿ ಬೇರೆ, ‘ಹಿತ’ ಅನ್ನುವ ದಾರಿ ಬೇರೆ. ಬೇಕು ಬೇಕು ಅನ್ನುತ್ತಲೇ ಹಿತ ಇಲ್ಲವಾಗುವುದು ಸಾಧ್ಯ. ತಂಬಾಕು ಜಗಿಯುವ ಯಾವ ಅಜ್ಜನನ್ನು ಕೇಳಿದರೂ ಇದನ್ನು ಹೇಳಿಯಾನು.

ಇದಕ್ಕೆ ಹೊಸತರ ಹಂಬಲ ಸೇರಬೇಕು. ಒಂದೇ ಹೆಣ್ಣಿನ ಜೊತೆ ದಣಿದು ಕೂತ ಟಗರು ಹೊಸ ಹೆಣ್ಣು ಬಂದರೆ ಮತ್ತೆ ಎದ್ದು ನಿಲ್ಲುವುದು ಕುರಿಗಾರರಿಗೆ ಗೊತ್ತಿರುವ ಸಂಗತಿ. ಪ್ರಯೋಗಾಲಯದ ಇಲಿಗಳಲ್ಲೂ ಅದೇ ಕಂಡಿದೆ. ಪರದೆಯ ಮೇಲೆ ಬೆರಳು ಸರಿಸಿದಷ್ಟೂ ಹೊಸತು. ಮುಂದಿನದು ಇನ್ನೂ ಚೆನ್ನಾಗಿರಬಹುದು, ಅದರ ಮುಂದಿನದು ಇನ್ನೂ. ಹತ್ತು ನಿಮಿಷವೆಂದು ಕೂತವನಿಗೆ ಎರಡು ತಾಸು ಹೋದದ್ದು ತಿಳಿಯದೆ ಇರುವುದು ಇದರಿಂದಲೇ. ಆ ಎರಡು ತಾಸಿನಲ್ಲಿ ಹೆಚ್ಚು ಪಾಲು ನೋಡಿದ್ದಲ್ಲ, ಹುಡುಕಿದ್ದು.

ಇಲ್ಲಿಯವರೆಗೆ ನೆಲ ಗಟ್ಟಿ. ಇಲ್ಲಿಂದ ಮುಂದೆ ಹುಷಾರಾಗಿ ಕಾಲಿಡಬೇಕು. ಯಾಕೆಂದರೆ ಈ ವಿಷಯದಲ್ಲಿ ಯೂಟ್ಯೂಬಿನ ಉಪದೇಶಕರು ಹೇಳುವುದೂ ವಿಜ್ಞಾನ ಹೇಳುವುದೂ ಒಂದೇ ಅಲ್ಲ.

2014ರಲ್ಲಿ ಎರಡು ಅಧ್ಯಯನ ಬಂದವು. ಬರ್ಲಿನ್ನಿನಲ್ಲಿ ಸಿಮೋನೆ ಕ್ಯೂನ್ ಮತ್ತು ಯುರ್ಗೆನ್ ಗಾಲಿನಾಟ್ 64 ಗಂಡಸರ ಮಿದುಳನ್ನು ಸ್ಕ್ಯಾನ್ ಮಾಡಿ, ಅಶ್ಲೀಲ ಚಿತ್ರಗಳನ್ನು ಹೆಚ್ಚು ತಾಸು ನೋಡುವವರಲ್ಲಿ ಪ್ರತಿಫಲಕ್ಕೆ ಸಂಬಂಧಿಸಿದ ಒಂದು ಭಾಗ ತುಸು ಚಿಕ್ಕದಿರುವುದನ್ನು ಕಂಡರು. ಕೇಂಬ್ರಿಜ್‌ನಲ್ಲಿ ವೆಲೆರಿ ವೂನ್ ತಂಡ, ತಡೆದುಕೊಳ್ಳಲಾಗದೆ ನೋಡುವ 19 ಗಂಡಸರನ್ನೂ ಬೇರೆ 19 ಮಂದಿಯನ್ನೂ ಹೋಲಿಸಿತು. ಮಾದಕ ವಸ್ತುವಿನ ಚಟದವರಲ್ಲಿ ಮಿನುಗುವ ಮಿದುಳಿನ ಭಾಗಗಳೇ ಮೊದಲ ಗುಂಪಿನಲ್ಲಿ ಹೆಚ್ಚು ಮಿನುಗಿದವು. ಅವರಲ್ಲಿ ‘ಬೇಕು’ ಹೆಚ್ಚಿತ್ತು, ‘ಹಿತ’ ಹೆಚ್ಚಿರಲಿಲ್ಲ. ಬೆರಿಡ್ಜ್ ಹೇಳಿದ್ದಕ್ಕೆ ಸರಿಹೊಂದುವ ಫಲಿತಾಂಶ. ಆದರೆ ನೋಡಿ ನೋಡಿ ಮಿದುಳು ಚಿಕ್ಕದಾಯಿತೋ, ಮೊದಲೇ ಹಾಗಿದ್ದವರು ಹೆಚ್ಚು ನೋಡಿದರೋ? ಒಂದೇ ಸಲ ತೆಗೆದ ಸ್ಕ್ಯಾನ್ ಅದನ್ನು ಹೇಳಲಾರದು. ಬರ್ಲಿನ್ ತಂಡವೇ ಅದನ್ನು ಒಪ್ಪಿಕೊಂಡಿದೆ. ಮರುವರ್ಷ ನಿಕೋಲ್ ಪ್ರಾಸ್ ತಂಡ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದಾಗ, ಚಟಕ್ಕೆ ಸರಿಹೊಂದದ ಫಲಿತಾಂಶವೇ ಬಂತು. ನಿಮಿರು ದೌರ್ಬಲ್ಯಕ್ಕೆ ಇದೇ ಕಾರಣವೆಂಬ ಮಾತಿಗೂ ಪುರಾವೆ ಎರಡೂ ಕಡೆ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಈ ಜಗಳದಲ್ಲಿ ನಡುದಾರಿ ಹಿಡಿಯಿತು. 2019ರಲ್ಲಿ ಒಪ್ಪಿ 2022ರ ಜನವರಿ 1ರಿಂದ ಜಾರಿಗೆ ಬಂದ ಅದರ ರೋಗಗಳ ಪಟ್ಟಿಯಲ್ಲಿ, ತಡೆಯಲಾಗದ ಲೈಂಗಿಕ ವರ್ತನೆ ಒಂದು ಕಾಯಿಲೆ. ಆದರೆ ಅದನ್ನು ಕುಡಿತದ ಸಾಲಿನಲ್ಲಿ ಕೂರಿಸಲಿಲ್ಲ. ಆರು ತಿಂಗಳಷ್ಟು ಕಾಲ ಮನೆ, ಕೆಲಸ, ಆರೋಗ್ಯ ಹಾಳಾದರೂ ಬಿಡಲಾಗದಿದ್ದರೆ ಮಾತ್ರ ಕಾಯಿಲೆ. ‘ಇದು ಪಾಪ’ ಎಂಬ ಕೊರಗು ಮಾತ್ರವಿದ್ದರೆ ಕಾಯಿಲೆಯೆಂದು ಬರೆಯಕೂಡದು ಎಂದೂ ಸ್ಪಷ್ಟವಾಗಿ ಹೇಳಿತು. ಈ ಕೊನೆಯ ಮಾತು ಮುಖ್ಯ. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಶುವ ಗ್ರಬ್ಸ್ ಕಂಡದ್ದೂ ಇದನ್ನೇ. ತಾನು ನೋಡುವುದು ತಪ್ಪೆಂದು ಗಟ್ಟಿಯಾಗಿ ನಂಬಿದವರು, ಸ್ವಲ್ಪವೇ ನೋಡಿದರೂ, ತಮಗೆ ಚಟ ಹತ್ತಿದೆಯೆಂದು ಹೇಳಿಕೊಳ್ಳುತ್ತಾರೆ.

ನಮ್ಮ ನಾಡಿಗೆ ಈ ಕೊರಗು ಹೊಸದೇನಲ್ಲ. ವಿಕಾರಾಬಾದಿನಿಂದ ವಾಡಿಯವರೆಗೆ ರೈಲಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತ ಹೋದವರಿಗೆ ಗೋಡೆಗಳ ಮೇಲಿನ ‘ಗುಪ್ತರೋಗ’ದ ಜಾಹೀರಾತು ಪರಿಚಿತ. ‘ಧಾತು ಹೋಗಿ ನಿಶ್ಶಕ್ತಿ’ ಎಂದು ಹೆದರಿ ಬರುವ ಯುವಕರ ಕಾಯಿಲೆಯನ್ನು ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಸಿದರು. ರೋಗವಿದ್ದದ್ದು ಭಯದಲ್ಲಿ. ಈಗಿನ ಹುಡುಗರು ಧಾತುವಿನ ಜಾಗಕ್ಕೆ ಡೋಪಮೈನ್ ತಂದಿದ್ದಾರೆ: ‘ನನ್ನ ಡೋಪಮೈನ್ ಎಲ್ಲಾ ಖಾಲಿಯಾಗಿದೆ ಸರ್.’ ಗೋಡೆಯ ಮೇಲಿದ್ದ ವೈದ್ಯ ಫೋನಿನೊಳಗೆ ಬಂದು ತೊಂಬತ್ತು ದಿನದ ಕೋರ್ಸ್ ಮಾರುತ್ತಿದ್ದಾನೆ. ಹೆದರಿಸಿ ಮಾರುವವರ ಮಾತಿಗೆ ಕಿವಿಗೊಡಬೇಡಿ ಎಂದಷ್ಟೇ ಹೇಳುತ್ತೇನೆ. ನಿಜವಾಗಿ ಸಿಕ್ಕಿಬಿದ್ದವರೂ ಇದ್ದಾರೆ. ಅವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಎಂಬ ಹೆಸರಿನ ಕ್ಲಿನಿಕ್ ತೆರೆದಿದೆ. ಫೋನು, ಗೇಮು, ಇಂಥ ವಿಡಿಯೋ ಯಾವುದರಿಂದ ತೊಂದರೆಯಾದರೂ ಅಲ್ಲಿಗೆ ಹೋಗಬಹುದು. ದೂರವೆನಿಸಿದರೆ 14416ಕ್ಕೆ ಫೋನು ಮಾಡಬಹುದು. ಅದು 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ.

ಹಾಗಾದರೆ ಹಾನಿ ಇಲ್ಲವೇ? ಇದೆ. ನನ್ನ ಎಣಿಕೆಯಲ್ಲಿ ಅದು ನೋಡುವವನ ಮಿದುಳಿನಲ್ಲಿ ಅಷ್ಟಿಲ್ಲ. ಬೇರೆ ಎರಡು ಕಡೆ ಇದೆ.

ಮೊದಲನೆಯದಕ್ಕೆ ಧಾರೂರಿಗೇ ವಾಪಸು ಬರೋಣ. ನನ್ನ ಸೋದರಮಾವನ ಮನೆಯಲ್ಲಿ ಆಡುವುದು ಕನ್ನಡ. ಅವರ ಮೊಮ್ಮಗ ಶಾಲೆಯಲ್ಲಿ ಓದುವುದು ತೆಲುಗು. ತಾಂಡೂರಿನ ಪೇಟೆಯಲ್ಲಿ ಪರಸಿ ಕಲ್ಲಿನ ವ್ಯಾಪಾರಿಯ ಜೊತೆ ದಖನಿ. 1956ರ ನವೆಂಬರ್ 1ರ ತನಕ ತಾಂಡೂರು, ಕೊಡಂಗಲ್ ಕಲಬುರಗಿ ಜಿಲ್ಲೆಯಲ್ಲೇ ಇದ್ದವು. ಜಹೀರಾಬಾದ್, ನಾರಾಯಣಖೇಡ ಬೀದರಿನಲ್ಲಿ. ರಾಜ್ಯಗಳ ಗೆರೆ ಎಳೆದ ಮೇಲೂ ಮನೆಗಳು ಮೂರು ಭಾಷೆಯಲ್ಲಿ ಬದುಕುತ್ತಿವೆ. ಇಲ್ಲಿನ ಹುಡುಗರನ್ನು ಆ ವಿಡಿಯೋಗೆ ಏನಂತಾರೆ ಎಂದು ಕೇಳಿ. ಕನ್ನಡದಲ್ಲಿ ಹೊಲಸು ವಿಡಿಯೋ. ತೆಲುಗಿನಲ್ಲಿ ಬೂತು ಬೊಮ್ಮಲು. ದಖನಿಯಲ್ಲಿ ಗಂದೀ ಫಿಲಂ. ಮೂರರಲ್ಲೂ ‘ಕೊಳಕು’ ಎಂದಷ್ಟೇ ಇದೆ. ಒಳಗೆ ಏನಿದೆ, ಅದು ನಿಜವೋ ನಟನೆಯೋ, ನನ್ನ ಮೈಯಲ್ಲಿ ಆಗುತ್ತಿರುವುದಕ್ಕೆ ಏನೆನ್ನುತ್ತಾರೆ, ಯಾರನ್ನು ಕೇಳಬೇಕು, ಇದಕ್ಕೆ ಮೂರರಲ್ಲಿ ಒಂದರಲ್ಲೂ ಮನೆಯೊಳಗೆ ಆಡುವಂಥ ಮಾತಿಲ್ಲ. ವಿಡಿಯೋಗಾದರೆ ಭಾಷೆಯೇ ಬೇಕಿಲ್ಲ. ಅದು ಕಿವುಡನಿಗೂ ಕಲಿಸುವ ಮೇಷ್ಟ್ರು.

ಆ ಮೇಷ್ಟ್ರು ಊರಿಗೆ ಬಂದ ದಾರಿಯನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ಬಾಡಿಗೆಗೆ ತಂದ ವಿಸಿಆರ್, ಬೆಳಗಿನ ಆಟದ ಟಾಕೀಸು, ಆಮೇಲೆ ಇಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡ್ ತುಂಬಿಸಿಕೊಡುತ್ತಿದ್ದ ಮೊಬೈಲ್ ಅಂಗಡಿ. ಅಲ್ಲಿಯವರೆಗೆ ನಡುವೆ ಒಬ್ಬ ಮನುಷ್ಯನಿದ್ದ. ಅವನ ಮುಖ ನೋಡಿ ಕೇಳಬೇಕಿತ್ತು, ಹನ್ನೆರಡರ ಹುಡುಗನಾದರೆ ಅವನು ಗದರಿಸಿ ಕಳಿಸಿಯಾನು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ಆ ಮನುಷ್ಯ ಇಲ್ಲವಾದ. ಕೊರೋನಾ ಕಾಲದ ಆನ್‌ಲೈನ್ ಪಾಠ ಫೋನನ್ನು ಮಕ್ಕಳ ಕೈಗೇ ಕೊಟ್ಟಿತು.

ಇಂಗ್ಲೆಂಡಿನ ಮಕ್ಕಳ ಆಯುಕ್ತರು 2023ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಅಲ್ಲಿನ ಮಕ್ಕಳು ಮೊದಲ ಸಲ ಇಂಥದ್ದನ್ನು ನೋಡುವುದು ಸರಾಸರಿ 13ರ ವಯಸ್ಸಿಗೆ. ಶೇಕಡಾ 27 ಮಂದಿ 11 ತುಂಬುವುದರೊಳಗೆ ನೋಡಿದ್ದರು. ಮೇಷ್ಟ್ರು ಕಲಿಸುವುದಾದರೂ ಏನು? 2010ರಲ್ಲಿ ಅನಾ ಬ್ರಿಜಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಹೆಚ್ಚು ಮಾರಾಟವಾದ ವಿಡಿಯೋಗಳಿಂದ 304 ದೃಶ್ಯಗಳನ್ನು ಆಯ್ದು ಎಣಿಸಿದರು. ಶೇಕಡಾ 88 ದೃಶ್ಯಗಳಲ್ಲಿ ಹೊಡೆತ, ಕತ್ತು ಹಿಸುಕುವಿಕೆಯಂಥ ದೈಹಿಕ ಆಕ್ರಮಣವಿತ್ತು. ಸುಮಾರು ಅರ್ಧದಲ್ಲಿ ಬೈಗುಳ. ಏಟು ತಿನ್ನುವವರು ಹೆಚ್ಚುಕಡಿಮೆ ಎಲ್ಲ ಹೆಂಗಸರೇ. ನನ್ನನ್ನು ಕಾಡಿದ್ದು ಅದರಲ್ಲಿನ ಇನ್ನೊಂದು ಸಂಗತಿ. ಏಟು ತಿಂದವರ ಮುಖದಲ್ಲಿ ಬಹುತೇಕ ಸಲ ನೋವಿರಲಿಲ್ಲ. ಒಂದೋ ಏನೂ ಇರಲಿಲ್ಲ, ಇಲ್ಲವೇ ಖುಷಿ ಇತ್ತು. ಇದು ನಟನೆ ಎಂದು ದೊಡ್ಡವನಿಗೆ ಗೊತ್ತು. ಹನ್ನೆರಡರ ಹುಡುಗನಿಗೆ ಹೋಲಿಸಿ ನೋಡಲು ಬೇರೆ ಏನೂ ಇಲ್ಲ. ಕುಸ್ತಿಯ ಅಖಾಡ ನೋಡದೆ ಟಿವಿಯ ಡಬ್ಲ್ಯುಡಬ್ಲ್ಯುಇ ಒಂದನ್ನೇ ನೋಡಿ ಬೆಳೆದವನು ಕುಸ್ತಿಯೆಂದರೆ ಕುರ್ಚಿಯಿಂದ ತಲೆಗೆ ಹೊಡೆಯುವುದು ಎಂದುಕೊಂಡಂತೆ.

ಹದಿಹರೆಯದವರ ಮೇಲೆ ಇಪ್ಪತ್ತು ವರ್ಷ ನಡೆದ ಸಂಶೋಧನೆಗಳನ್ನೆಲ್ಲ ನೆದರ್‌ಲೆಂಡ್ಸಿನ ಯೋಖೆನ್ ಪೀಟರ್ ಮತ್ತು ಪಟ್ಟಿ ವಾಲ್ಕೆನ್‌ಬರ್ಗ್ 2016ರಲ್ಲಿ ಒಟ್ಟು ಹಾಕಿ ನೋಡಿದರು. ಹೆಚ್ಚು ನೋಡುವವರಲ್ಲಿ ‘ಗಂಡೆಂದರೆ ಹೀಗೆ, ಹೆಣ್ಣೆಂದರೆ ಹೀಗೆ’ ಎಂಬ ಅಚ್ಚು ಗಟ್ಟಿಯಾಗಿತ್ತು, ಲೈಂಗಿಕ ಆಕ್ರಮಣಕ್ಕೂ ನಂಟು ಕಂಡಿತು. ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲವೆಂದು ಅವರೇ ಎಚ್ಚರಿಸಿದರು. ಬೇರೆ ಸಂಶೋಧಕರು ಆ ನಂಟು ತೀರಾ ಸಡಿಲವೆನ್ನುತ್ತಾರೆ. ನಾನು ನ್ಯಾಯಾಧೀಶನಲ್ಲ. ಆದರೆ ಮೇಷ್ಟ್ರು ಒಬ್ಬನೇ ಆದರೆ ಪಾಠ ಎಷ್ಟು ತಪ್ಪಾದರೂ ಅದೇ ಪಾಠ ಎಂಬುದನ್ನು ಕಾಣಲು ಅಂಕಿಸಂಖ್ಯೆ ಬೇಕಿಲ್ಲ.

ಇನ್ನೊಬ್ಬ ಮೇಷ್ಟ್ರನ್ನು ತರುವ ಯತ್ನ ನಡೆಯಲಿಲ್ಲ ಎಂದಲ್ಲ. 2005ರ ಹೊತ್ತಿಗೆ ಕೇಂದ್ರ ಸರ್ಕಾರ ಶಾಲೆಗಳಿಗೆ ಹದಿಹರೆಯದ ಶಿಕ್ಷಣವೆಂಬ ಕಾರ್ಯಕ್ರಮ ತಂದಿತ್ತು. 2007ರಲ್ಲಿ ಹಲವು ರಾಜ್ಯಗಳು ‘ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ’ ಎಂದು ಅದನ್ನು ನಿಲ್ಲಿಸಿದವು. ಕರ್ನಾಟಕವೂ ಅವುಗಳಲ್ಲಿ ಒಂದು. ಅದಕ್ಕೂ ಎಷ್ಟೋ ಮೊದಲು ವೈದ್ಯೆ-ಲೇಖಕಿ ಅನುಪಮಾ ನಿರಂಜನ ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ ಬರೆದು, ಮೈಯ ವಿಷಯ ಮರ್ಯಾದೆಯ ಕನ್ನಡದಲ್ಲಿ ಹೇಳಬಹುದು ಎಂದು ತೋರಿಸಿದ್ದರು. ನಮ್ಮ ತಾಯಂದಿರು ಅವನ್ನು ಸೀರೆಯ ಮಡಿಕೆಯೊಳಗೆ ಇಟ್ಟು ಓದಿದರು. ಹುಡುಗರಿಗೆಂದು ಅಷ್ಟೇ ಹೆಸರಾದ ಒಂದು ಪುಸ್ತಕ ನನಗೆ ನೆನಪಾಗುತ್ತಿಲ್ಲ.

ಎರಡನೆಯ ಕಡೆಗೆ ಬರುತ್ತೇನೆ. ಇಲ್ಲಿ ನನ್ನ ಹೋಲಿಕೆ ಮುರಿದು ಬೀಳುತ್ತದೆ. ತೊಗರಿ ಹೊಲದ ಬಲೆಯಲ್ಲಿ ಹೆಣ್ಣಿಲ್ಲ, ಬರೀ ರಬ್ಬರಿದೆ. ಪರದೆಯಲ್ಲಿ ಇದ್ದಾಳೆ.

2012ರ ಫೆಬ್ರವರಿ 7ರಂದು ಕರ್ನಾಟಕ ವಿಧಾನಸಭೆಯಲ್ಲಿ ಕಲಾಪ ನಡೆದಿರುವಾಗಲೇ ಮಂತ್ರಿಗಳು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದುದನ್ನು ಟಿವಿ ಕ್ಯಾಮೆರಾ ಹಿಡಿಯಿತು. ಮರುದಿನ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ವಾರಗಟ್ಟಲೆ ಸದನದ ಘನತೆಯ ಚರ್ಚೆ ನಡೆಯಿತು. ಆ ತುಣುಕಿನಲ್ಲಿದ್ದ ಹೆಣ್ಣು ಯಾರು, ಅವಳಿಗೆ ಏನಾಯಿತು ಎಂದು ಯಾರಾದರೂ ಕೇಳಿದ ನೆನಪು ನನಗಿಲ್ಲ. ನಾನೂ ಕೇಳಿರಲಿಲ್ಲ.

2019ರ ನವೆಂಬರ್ 27ರ ರಾತ್ರಿ ಶಂಶಾಬಾದಿನಲ್ಲಿ ಯುವ ಪಶುವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಧಾರೂರಿನಿಂದ ಅದು ಸುಮಾರು ಎರಡು ತಾಸಿನ ದಾರಿ. ತೆಲಂಗಾಣ ಕುದಿಯಿತು, ದೀಪ ಹಚ್ಚಿ ಜನ ಬೀದಿಗಿಳಿದರು. ಅದೇ ದಿನಗಳಲ್ಲಿ ಪತ್ರಿಕೆಗಳು ಇನ್ನೊಂದು ಸುದ್ದಿ ಬರೆದವು: ಅಶ್ಲೀಲ ತಾಣಗಳಲ್ಲಿ ಭಾರತದವರು ಹೆಚ್ಚು ಹುಡುಕುತ್ತಿರುವ ಹೆಸರುಗಳಲ್ಲಿ ಆ ಹುಡುಗಿಯ ಹೆಸರೂ ಇದೆ. ಅವಳ ಕೊನೆಯ ಗಳಿಗೆಯ ವಿಡಿಯೋ ಸಿಗಬಹುದೇ ಎಂದು ಹುಡುಕಿದವರು. ಮಂಗನ ಮುಂದಿನ ದೀಪ ನೆನಪಿಸಿಕೊಳ್ಳಿ: ‘ಸಿಗಬಹುದು’. ಹಾಗೆ ಹುಡುಕಿದವರೆಲ್ಲ ರಾಕ್ಷಸರು ಎಂದರೆ ಮಾತು ಮುಗಿಯುತ್ತದೆ, ಆದರೆ ನನಗೆ ಹಾಗನ್ನಿಸುವುದಿಲ್ಲ. ಅವರಲ್ಲಿ ದೀಪ ಹಚ್ಚಿದವರೂ ಇದ್ದಿರಬಹುದು.

2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಹೆಂಗಸರ ಇಂಥ ವಿಡಿಯೋಗಳಿದ್ದ ಪೆನ್ ಡ್ರೈವ್‌ಗಳು ಹಂಚಿಕೆಯಾದವು. ಬಸ್ ನಿಲ್ದಾಣ, ಕ್ರೀಡಾಂಗಣಗಳಲ್ಲಿ ಬಿದ್ದು ಸಿಕ್ಕವು ಎಂದು ವರದಿಯಾಯಿತು. ಅವರ ಮುಖ ಮರೆಮಾಚಿರಲಿಲ್ಲ. ವಿಡಿಯೋ ಮಾಡಿದವನ ತಪ್ಪು ಕೋರ್ಟಿನ ಪಾಲಾಯಿತು. ಫಾರ್ವರ್ಡ್ ಮಾಡಿದವರದ್ದು? ಇಂಥದ್ದನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಪ್ರಕಾರ ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ತಮ್ಮೂರಿನ ಹೆಂಗಸನ್ನು ಫೋನಿನಲ್ಲಿ ಗುರುತಿಸಿದ ಗಂಡಸರು, ಅಂಗಡಿಗೆ ಬಂದಾಗ ಅವಳ ಮುಖ ನೋಡಿದ ಬಗೆಯನ್ನು ಅಳೆಯಲು ಯಾವ ಸ್ಕ್ಯಾನೂ ಇಲ್ಲ.

ಒಪ್ಪಿಗೆಯ ವಿಡಿಯೋ ಬೇರೆ, ಇದು ಬೇರೆ ಎಂದು ನೀವು ಹೇಳಬಹುದು. ಸರಿ. ಆದರೆ ನೋಡುವವನಿಗೆ ಅದು ಹೇಗೆ ಗೊತ್ತಾಗಬೇಕು? ಪೋರ್ನ್‌ಹಬ್ ಎಂಬ ದೈತ್ಯ ತಾಣದಲ್ಲಿ ಮಕ್ಕಳ ಮತ್ತು ಅತ್ಯಾಚಾರದ ವಿಡಿಯೋಗಳೂ ಇವೆಯೆಂದು 2020ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಕಾರ್ಡ್ ಕಂಪನಿಗಳು ಹಣ ಪಾವತಿ ನಿಲ್ಲಿಸಿದವು. ಆಗ ತಾಣದವರು ಯಾರು ಹಾಕಿದ್ದೆಂದು ಖಚಿತವಿಲ್ಲದ ವಿಡಿಯೋಗಳನ್ನೆಲ್ಲ ಕಿತ್ತು ಹಾಕಿದರು. ಕೋಟಿಗೂ ಮೀರಿ ಇದ್ದವುಗಳಲ್ಲಿ ಉಳಿದದ್ದು ಮೂರರಲ್ಲೊಂದು ಪಾಲು, ಹೆಚ್ಚುಕಡಿಮೆ. ಅಷ್ಟು ವರ್ಷ ನೋಡಿದವರು ಆ ಎರಡು ಪಾಲನ್ನೂ ನೋಡಿದ್ದರು, ವ್ಯತ್ಯಾಸ ತಿಳಿಯದೆ.

ಈಗಂತೂ ಹೆಣ್ಣು ಅಲ್ಲಿ ಇರಬೇಕೆಂದೂ ಇಲ್ಲ. ಅವಳ ಮುಖವಿದ್ದರೆ ಸಾಕು. 2019ರಲ್ಲಿ ಡೀಪ್‌ಟ್ರೇಸ್ ಎಂಬ ಡಚ್ ಕಂಪನಿ ಜಾಲದಲ್ಲಿದ್ದ ಡೀಪ್‌ಫೇಕ್ ವಿಡಿಯೋಗಳನ್ನು ಎಣಿಸಿದಾಗ ಶೇಕಡಾ 96 ಅಶ್ಲೀಲವಾಗಿದ್ದವು, ಒಪ್ಪಿಗೆಯಿಲ್ಲದೆ ಹೆಂಗಸರ ಮುಖ ಅಂಟಿಸಿದವು. ಕಾಲೇಜು ಹುಡುಗಿಯೊಬ್ಬಳ ವಾಟ್ಸ್‌ಆ್ಯಪ್ ಫೋಟೋ ಇಂದು ಇದಕ್ಕೆ ಸಾಕಾಗುವ ಕಚ್ಚಾ ಮಾಲು.

ಬಲೆಗೆ ಬೀಳುವ ಗಂಡಸಿನ ಕತೆಯೂ ಇಲ್ಲೇ ಸೇರುತ್ತದೆ. ಫೇಸ್‌ಬುಕ್ಕಿನಲ್ಲಿ ಅಪರಿಚಿತ ಹೆಣ್ಣಿನ ಗೆಳೆತನ, ರಾತ್ರಿ ವಿಡಿಯೋ ಕಾಲ್, ಆ ಕಡೆ ಬಟ್ಟೆಯಿಲ್ಲದ ಹೆಣ್ಣು. ಎಷ್ಟೋ ಸಲ ಅದು ಮೊದಲೇ ಚಿತ್ರಿಸಿದ ತುಣುಕು. ಕಾಲ್ ಮಾಡಿದವನು ಒಬ್ಬ ಗಂಡಸು. ಹೊಲದ ಬಲೆಯ ಹಾಗೆ ಇಲ್ಲಿಯೂ ಹೆಣ್ಣಿಲ್ಲ. ಐದು ನಿಮಿಷದಲ್ಲಿ ನಿಮ್ಮ ಮುಖ ರೆಕಾರ್ಡ್ ಆಗಿ, ಹತ್ತನೆಯ ನಿಮಿಷಕ್ಕೆ ಹಣದ ಬೇಡಿಕೆ. ಮರುದಿನ ‘ಪೊಲೀಸ್ ಅಧಿಕಾರಿ’ಯ ಫೋನು. ಕೊಟ್ಟಷ್ಟೂ ಕೇಳುತ್ತಾರೆ. ನಾಚಿಕೆಗೆ ಅಂಜಿ ಜೀವ ಕಳೆದುಕೊಂಡವರಿದ್ದಾರೆ. ಇಂಥ ಫೋನು ಬಂದರೆ ದುಡ್ಡು ಕೊಡದೆ, ಸ್ಕ್ರೀನ್‌ಶಾಟ್ ಅಳಿಸದೆ, 1930ಕ್ಕೆ ಕರೆ ಮಾಡಬೇಕು.

ಚಿತ್ರ ಹೊರಬಿದ್ದೇಬಿಟ್ಟರೆ ಏನು ಮಾಡಬಹುದು ಎಂಬಲ್ಲಿ ವಿಜ್ಞಾನದ್ದೊಂದು ಒಳ್ಳೆಯ ಸುದ್ದಿಯಿದೆ. ಪ್ರತಿ ಚಿತ್ರದಿಂದಲೂ ಗಣಿತದ ಲೆಕ್ಕದಲ್ಲಿ ಒಂದು ಬೆರಳಚ್ಚು ತೆಗೆಯಬಹುದು. ಅಂಕಿ-ಅಕ್ಷರಗಳ ಒಂದು ಸಾಲು. ಅದರಿಂದ ಮತ್ತೆ ಚಿತ್ರ ಮಾಡಲಾಗದು. 2021ರ ಡಿಸೆಂಬರ್‌ನಲ್ಲಿ ಶುರುವಾದ ಸ್ಟಾಪ್‌ಎನ್‌ಸಿಐಐ ಎಂಬ ಸೇವೆ ನಿಮ್ಮ ಫೋನಿನೊಳಗೇ ಆ ಬೆರಳಚ್ಚು ತೆಗೆದು ಅದನ್ನಷ್ಟೇ ಕಂಪನಿಗಳಿಗೆ ಕಳಿಸುತ್ತದೆ. ಚಿತ್ರ ಯಾರ ಕೈಗೂ ಹೋಗುವುದಿಲ್ಲ. ಸೇರಿಕೊಂಡ ತಾಣಗಳಲ್ಲಿ ಅದೇ ಬೆರಳಚ್ಚಿನ ಚಿತ್ರ ಯಾರು ಹಾಕಹೋದರೂ ತಡೆಯಬಹುದು. ಹದಿನೆಂಟಾಗದವರಿಗೆ ಇಂಥದ್ದೇ ‘ಟೇಕ್ ಇಟ್ ಡೌನ್’ ಇದೆ.

ನಿಷೇಧದ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ಹೇಳುವಂಥದ್ದು ಕಡಿಮೆ. 2015ರ ಆಗಸ್ಟ್‌ನಲ್ಲಿ ಕೇಂದ್ರ 857 ತಾಣಗಳನ್ನು ಮುಚ್ಚಿಸಿ ಕೆಲವೇ ದಿನಗಳಲ್ಲಿ ಸಡಿಲಿಸಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇಲೆ 827ನ್ನು ಮುಚ್ಚಿಸಿತು. ಹುಡುಗರು ವಿಪಿಎನ್ ಕಲಿತರು. 2024ರ ಸೆಪ್ಟೆಂಬರ್ 23ರ ಸುಪ್ರೀಂ ಕೋರ್ಟಿನ ತೀರ್ಪಿಗೆ ಹೆಚ್ಚಿನ ತೂಕವಿದೆ. ಮಕ್ಕಳ ಇಂಥ ವಿಡಿಯೋ ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದೂ ಅಪರಾಧವಾಗಬಹುದೆಂದು ಹೇಳಿದ ಕೋರ್ಟು, ಅದನ್ನು ‘ಮಕ್ಕಳ ಪೋರ್ನ್’ ಎಂದು ಕರೆಯುವುದನ್ನೇ ಬಿಡಿ ಎಂದಿತು. ಅದು ಚಿತ್ರವಲ್ಲ, ಮಗುವಿನ ಮೇಲೆ ನಡೆದ ದೌರ್ಜನ್ಯದ ದಾಖಲೆ. ಲೈಂಗಿಕ ಶಿಕ್ಷಣದ ಬಗ್ಗೆ ನಮಗಿರುವ ತಪ್ಪು ತಿಳಿವಳಿಕೆಯನ್ನೂ ಅದೇ ತೀರ್ಪು ಎತ್ತಿ ಹೇಳಿತು. ಹೆಸರು ಸರಿಯಾಗಿ ಇಡುವುದರಿಂದಲೇ ಶುರು ಮಾಡಬೇಕೆಂದು ನ್ಯಾಯಾಲಯಕ್ಕೂ ಅನ್ನಿಸಿರಬೇಕು.

ಹೊಲದಲ್ಲಿ ಬಿಸಿಲು ಇಳಿದಿತ್ತು. ಮಾವನ ಮಗ ಬಟ್ಟಲೆತ್ತಿ ಹಳೆಯ ಬಿರಡೆ ತೆಗೆದು, ಜೇಬಿನಿಂದ ಹೊಸ ಪೊಟ್ಟಣ ಹರಿದ. “ಇಪ್ಪತ್ತು ದಿನಕ್ಕೊಮ್ಮೆ ಬದಲಿ ಮಾಡ್ಬೇಕು. ಹಳೀದು ಅದಂದ್ರ ಬರಾಂಗಿಲ್ಲ ಹುಳ.” ಅವನ ಮಗ, ಎಂಟನೆಯ ಇಯತ್ತೆಯವನು, ಚೀಲ ಬಿಚ್ಚಿ ಸತ್ತವನ್ನು ನೆಲಕ್ಕೆ ಸುರಿದು ಕಡ್ಡಿಯಿಂದ ಎಣಿಸುತ್ತಿದ್ದ. ಹನ್ನೊಂದಕ್ಕೆ ನಿಲ್ಲಿಸಿ ತಲೆ ಎತ್ತಿದ.

“ಅಪ್ಪಾ, ಮತ್ತ ಹೆಣ್ಣು ಎಲ್ಲಿ ಅದ?”

ಅವನಪ್ಪ ಒಂದು ಗಳಿಗೆ ನನ್ನ ಮುಖ ನೋಡಿದ. ಬಿರಡೆಯನ್ನು ಬಟ್ಟಲಿಗೆ ಸಿಕ್ಕಿಸಿ, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಗಿಡಗಳ ಕಡೆಗೆ ಗದ್ದ ಎತ್ತಿ ತೋರಿಸಿದ.

“ಅಲ್ಲೇ ಎಲ್ಲೋ ಗಿಡದಾಗ ಇರ್ತದ. ಕೂಡು, ಹೇಳ್ತೀನಿ.”